ಪುಟ ತೆರೆದರೆ ಜೊತೆಗೊಬ್ಬರು

(ಚಿತ್ರದಿನಚರಿಗಳನ್ನು ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಂದಿನ ಮಾತಿಗೆ ಸಂಘಟಕರು ಕೊಟ್ಟಿರುವ ವಿಷಯದಲ್ಲಿ ಎರಡು ಸಂಗತಿಗಳಿವೆ. ಒಂದು ಸ್ಫೂರ್ತಿ, ಇನ್ನೊಂದು ಒಡನಾಟ. ನಾವು ಸಾಮಾನ್ಯವಾಗಿ ಇವೆರಡನ್ನೂ ಇದೇ ಅನುಕ್ರಮದಲ್ಲಿ ಯೋಚಿಸುತ್ತೇವೆ. ಮೊದಲು ಸ್ಫೂರ್ತಿ ಬರಬೇಕು, ಆಮೇಲೆ ಚಿತ್ರ ಮೂಡಬೇಕು, ಅದು ಚೆನ್ನಾಗಿ ಬಂದರೆ ನಾಲ್ಕು ಜನರಿಗೆ ತೋರಿಸಬೇಕು, ಹಾಗೆ ತೋರಿಸುತ್ತ ಹೋದಾಗ ಎಲ್ಲೋ ಒಬ್ಬ ಸಮಾನಮನಸ್ಕರು ಸಿಗಬೇಕು. ಕಲಾವಿದರ ಪುಸ್ತಕಗಳನ್ನು ನೋಡುತ್ತ, ಅವು ಹುಟ್ಟಿದ ಬಗೆಯನ್ನು ಓದುತ್ತ ಹೋದಂತೆ ನನಗೆ ಈ ಅನುಕ್ರಮ ತಿರುಗುಮುರುಗಾಗಿ ಕಂಡಿದೆ. ಮೊದಲು ಬಂದವರು ಒಡನಾಡಿ. ಸ್ಫೂರ್ತಿ ಅವರ ಹಿಂದೆಯೇ ಬಂದಿದೆ. ಈ ಒಂದು ಮಾತನ್ನು ನಿಮ್ಮ ಮುಂದಿಡಲೆಂದೇ ಬಂದಿದ್ದೇನೆ.

ಚಿತ್ರದಿನಚರಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ಗೆರೆ, ಬಣ್ಣ, ಕೈಬರಹ, ಅಂಟಿಸಿದ ಕಾಗದದ ಚೂರು ಎಲ್ಲವೂ ಒಂದೇ ಪುಟದಲ್ಲಿ ನೆರೆಹೊರೆಯಾಗಿರುವ ಪುಸ್ತಕ. ಕೆಲವರು ಅದನ್ನು ಸ್ಕೆಚ್ ಪುಸ್ತಕ ಎನ್ನುತ್ತಾರೆ, ಕೆಲವರು ಆರ್ಟ್ ಜರ್ನಲ್ ಎನ್ನುತ್ತಾರೆ. ಗೋಡೆಯ ಮೇಲೆ ತೂಗುಹಾಕುವ ಚಿತ್ರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವೊಂದಿದೆ. ಗೋಡೆಯ ಚಿತ್ರವನ್ನು ಹತ್ತಾರು ಜನ ಒಟ್ಟಿಗೆ, ದೂರದಿಂದ ನೋಡಬಹುದು. ಪುಸ್ತಕವನ್ನು ಕೈಯಲ್ಲಿ ಹಿಡಿದೇ ನೋಡಬೇಕು. ಹೆಚ್ಚೆಂದರೆ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಇಣುಕಬಹುದು. ಹಿಂದಿನ ಪುಟದ ಶಾಯಿ ಈ ಪುಟಕ್ಕೆ ಇಳಿದಿರುತ್ತದೆ, ಮುಂದಿನ ಪುಟದಲ್ಲಿ ಅಂಟಿಸಿದ್ದರ ಉಬ್ಬು ಬೆರಳಿಗೆ ತಾಗುತ್ತದೆ. ಒಬ್ಬರು ಇನ್ನೊಬ್ಬರಿಗೆ ತೋರಿಸಲು ಹೇಳಿ ಮಾಡಿಸಿದ ಆಕಾರ ಅದು.

1924ರ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಮಾತಿನ ತಿರುಳೆಲ್ಲ ಅದರಲ್ಲಿದೆ. ರವೀಂದ್ರನಾಥ ಠಾಕೂರರಿಗೆ ಆಗ 63 ವರ್ಷ. ಪೆರು ದೇಶದ ಆಹ್ವಾನದ ಮೇಲೆ ಹೊರಟಿದ್ದ ಅವರು ದಾರಿಯಲ್ಲಿ ಕಾಯಿಲೆ ಬಿದ್ದು ಅರ್ಜೆಂಟೀನಾದಲ್ಲಿ ಉಳಿಯಬೇಕಾಯಿತು. ಅವರ ಬರಹಗಳನ್ನು ಮೊದಲೇ ಓದಿ ಮೆಚ್ಚಿದ್ದ ಅಲ್ಲಿನ ಲೇಖಕಿ ವಿಕ್ಟೋರಿಯಾ ಒಕಾಂಪೊ ಅವರು ಬ್ಯೂನಸ್ ಐರಿಸ್ ಹತ್ತಿರದ ಸಾನ್ ಇಸಿದ್ರೊದಲ್ಲಿ, ನದಿಗೆ ಎದುರಾಗಿದ್ದ ಮನೆಯೊಂದನ್ನು ಕವಿಗಾಗಿ ಗೊತ್ತುಮಾಡಿದರು. ಅಲ್ಲಿ ವಿಶ್ರಾಂತಿಯಲ್ಲಿದ್ದಷ್ಟು ಕಾಲವೂ ರವೀಂದ್ರರು ಕವಿತೆ ಬರೆದರು. ಬರೆಯುವಾಗ ಬೇಡವೆನಿಸಿದ ಪದವನ್ನು ಹೊಡೆದುಹಾಕುವುದು ಎಲ್ಲರೂ ಮಾಡುವ ಕೆಲಸವೇ. ರವೀಂದ್ರರು ಮಾತ್ರ ಹೊಡೆದುಹಾಕಿದ ಗೀಟುಗಳನ್ನು ಅಲ್ಲಿಗೇ ಬಿಡುತ್ತಿರಲಿಲ್ಲ. ಒಂದು ಗೀಟನ್ನು ಇನ್ನೊಂದಕ್ಕೆ ಸೇರಿಸಿ, ನಡುವಿನ ಜಾಗವನ್ನು ಶಾಯಿಯಿಂದ ತುಂಬಿ, ಎಲ್ಲೂ ಕಾಣದ ಹಕ್ಕಿಗಳನ್ನೂ ಆದಿಕಾಲದ ಮೃಗಗಳನ್ನೂ ಮುಖಗಳನ್ನೂ ಎಬ್ಬಿಸುತ್ತಿದ್ದರು. ಕವಿತೆ ಪುಟದ ನಡುವೆ ಇರುತ್ತಿತ್ತು. ಬೇಡವಾದ ಪದಗಳು ಅದರ ಸುತ್ತ ಬೇರೆಯೇ ಒಂದು ಜೀವ ತಳೆದು ಕೂರುತ್ತಿದ್ದವು.

ಆ ಪುಸ್ತಕ ಒಕಾಂಪೊ ಅವರ ಕಣ್ಣಿಗೆ ಬಿತ್ತು. ಅವರಿಗೆ ಬಂಗಾಳಿ ಬಾರದು. ಕವಿತೆ ಓದಲಾಗದ ಆ ಕಣ್ಣು ನೇರವಾಗಿ ಗೆರೆಗಳ ಮೇಲೆ ಹೋಯಿತು ಎಂದು ನಾನು ಊಹಿಸುತ್ತೇನೆ. ಬಂಗಾಳಿ ಬಲ್ಲವರು ಅದೇ ಪುಟದಲ್ಲಿ ಪದ್ಯವನ್ನು ಓದಿ ಗೀಟುಗಳನ್ನು ದಾಟಿಕೊಂಡು ಹೋಗಿರಬಹುದು. ಒಕಾಂಪೊ ಆ ಚಿತ್ರಗಳಿಗೆ ಮನಸೋತು, ಕೆಲವು ಪುಟಗಳ ಫೋಟೋ ತೆಗೆಯಲು ಅನುಮತಿ ಕೇಳಿದರು. ಆರು ವರ್ಷಗಳ ನಂತರ, 1930ರ ಮೇ ತಿಂಗಳಲ್ಲಿ, ಪ್ಯಾರಿಸ್ಸಿನ ಪಿಗಾಲ್ ಗ್ಯಾಲರಿಯಲ್ಲಿ ರವೀಂದ್ರರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಅದನ್ನು ಏರ್ಪಡಿಸಲು ಓಡಾಡಿದವರು ಇದೇ ಒಕಾಂಪೊ. ಇಬ್ಬರೂ ಜೀವನದಲ್ಲಿ ಮುಖಾಮುಖಿಯಾದದ್ದು ಆ ಎರಡೇ ಸಂದರ್ಭಗಳಲ್ಲಿ. ಬದುಕಿನ ಕೊನೆಯ ಒಂದೂವರೆ ದಶಕದಲ್ಲಿ ರವೀಂದ್ರರು ಬಿಡಿಸಿದ ಚಿತ್ರಗಳ ಸಂಖ್ಯೆ 2,000ವನ್ನು ಮೀರುತ್ತದೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೆಚ್ಚುಗೆಯ ಮಾತು ಎಷ್ಟಿತ್ತು ಎನ್ನುವುದಕ್ಕಿಂತ ಆ ನೋಟ ಬಿದ್ದ ಜಾಗ. ಬರೆದವರು ಯಾವುದನ್ನು ಅಂಚಿನ ಆಟ ಎಂದುಕೊಂಡಿರುತ್ತಾರೋ ಅದನ್ನೇ ಒಡನಾಡಿ ಬೆರಳಿಟ್ಟು ತೋರಿಸುತ್ತಾರೆ. ನಮ್ಮ ಪುಟದಲ್ಲಿ ಜೀವ ಎಲ್ಲಿದೆ ಎಂದು ನಮಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ನಾವು ಕಷ್ಟಪಟ್ಟು ಬಿಡಿಸಿದ ಮುಖದ ಮೇಲೆ ನಮ್ಮ ಗಮನ. ನೋಡುವವರ ಕಣ್ಣು ಮೂಲೆಯಲ್ಲಿ ಬಣ್ಣ ಪರೀಕ್ಷಿಸಲು ಎಳೆದ ನಾಲ್ಕು ಪಟ್ಟಿಗಳ ಮೇಲೆ ನಿಲ್ಲುತ್ತದೆ.

ಪುಟ ತಾನೇ ಸ್ಫೂರ್ತಿ ಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಕೊಡುತ್ತದೆ. ಲಿಯೊನಾರ್ಡೊ ದ ವಿಂಚಿ ಚಿತ್ರಕಾರರಿಗೆ ಕೊಟ್ಟ ಸಲಹೆಗಳಲ್ಲಿ, ಕಲೆಬಿದ್ದ ಗೋಡೆಗಳನ್ನು ದಿಟ್ಟಿಸಿ ನೋಡಿ ಎಂಬುದೂ ಒಂದು. ಅಲ್ಲಿ ಬೆಟ್ಟ, ನದಿ, ಯುದ್ಧ, ಮುಖ ಎಲ್ಲವೂ ಕಾಣಿಸಿಕೊಳ್ಳುತ್ತವೆ ಎನ್ನುವುದು ಅವರ ಅನುಭವ. ಸದಾ ಒಂದು ಸಣ್ಣ ಪುಸ್ತಕವನ್ನು ಜೊತೆಯಲ್ಲಿ ಒಯ್ಯಿರಿ, ಬೀದಿಯಲ್ಲಿ ಜನ ಮಾತನಾಡುವ, ಜಗಳವಾಡುವ, ನಗುವ ಭಂಗಿಗಳನ್ನು ಚುಟುಕಾಗಿ ಗುರುತಿಸಿಕೊಳ್ಳಿ, ಅಳಿಸಲು ಬಾರದಂತೆ ಬಣ್ಣ ಬಳಿದ ಹಾಳೆಯನ್ನೇ ಬಳಸಿ ಎಂದೂ ಅವರು ಹೇಳುತ್ತಾರೆ. ಈ ಕೊನೆಯ ಸೂಚನೆ ನನಗೆ ತುಂಬ ಇಷ್ಟ. ತಪ್ಪಿದ ಗೆರೆ ಉಳಿದರೆ ಮುಂದಿನ ಗೆರೆ ಅದರ ಜೊತೆ ಮಾತಿಗೆ ಇಳಿಯುತ್ತದೆ. ಅಳಿಸಿದರೆ ಮತ್ತೆ ಖಾಲಿ ಹಾಳೆ, ಮತ್ತೆ ಅದೇ ಅಳುಕು. ಅವರ ಪುಸ್ತಕಗಳ 7,000ಕ್ಕೂ ಹೆಚ್ಚು ಪುಟಗಳು ಇಂದಿಗೂ ಉಳಿದಿವೆ. ಪೂರ್ಣಗೊಂಡ ವರ್ಣಚಿತ್ರಗಳಾದರೋ ಬೆರಳೆಣಿಕೆಯಷ್ಟು.

ಮೆಕ್ಸಿಕೊದ ಚಿತ್ರಕಾರ್ತಿ ಫ್ರಿಡಾ ಕಾಲೊ ಅವರ ದಿನಚರಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. 1940ರ ದಶಕದ ನಡುವಿನಿಂದ 1954ರಲ್ಲಿ ತೀರಿಕೊಳ್ಳುವವರೆಗೆ ಅವರು ಅದನ್ನು ಬರೆದರು, ಬಿಡಿಸಿದರು. ಎಷ್ಟೋ ಪುಟಗಳು ಶುರುವಾಗುವುದು ಶಾಯಿಯ ಕಲೆಯಿಂದ. ಹರಡಿದ ಶಾಯಿಗೆ ಕಣ್ಣು, ಕಾಲು ಮೂಡಿಸಿ ಅದನ್ನೊಂದು ಜೀವಿಯಾಗಿಸುತ್ತಾರೆ. ಬಣ್ಣಗಳಿಗೆ ತಮ್ಮದೇ ಅರ್ಥಗಳನ್ನು ಪಟ್ಟಿಮಾಡಿಕೊಳ್ಳುತ್ತಾರೆ. 1953ರಲ್ಲಿ, ಕಾಲು ಕತ್ತರಿಸಬೇಕಾಗಿ ಬಂದ ವರ್ಷ, ಒಂದು ಪುಟದಲ್ಲಿ ಎರಡು ಪಾದಗಳನ್ನು ಬಿಡಿಸಿ, ಹಾರಲು ರೆಕ್ಕೆಗಳಿರುವಾಗ ನನಗೆ ಪಾದಗಳೇಕೆ ಎಂಬರ್ಥದ ಮಾತನ್ನು ಕೆಳಗೆ ಬರೆಯುತ್ತಾರೆ. ಜಗತ್ತು ಆ ಪುಸ್ತಕವನ್ನು ಅಚ್ಚಿನಲ್ಲಿ ಪೂರ್ತಿಯಾಗಿ ನೋಡಿದ್ದು 1995ರಲ್ಲಿ. ಇಷ್ಟು ಖಾಸಗಿಯಾದ ಪುಸ್ತಕದಲ್ಲಿಯೂ ಅನೇಕ ಪುಟಗಳು ಪತಿ, ಚಿತ್ರಕಾರ ಡಿಯೆಗೊ ರಿವೆರಾ ಅವರನ್ನು ಉದ್ದೇಶಿಸಿದ ಪತ್ರಗಳಂತಿವೆ. ಯಾರಿಗೂ ತೋರಿಸದ ಪುಟವೂ ಯಾರೊಂದಿಗೋ ಮಾತನಾಡುತ್ತಿರುತ್ತದೆ.

ಇಲ್ಲಿ ಒಂದು ಅಳುಕಿಗೆ ಉತ್ತರ ಹೇಳಿಬಿಡುತ್ತೇನೆ, ಸಭೆ ಶುರುವಾಗುವ ಮೊದಲೇ ಇಬ್ಬರು ಬಂದು ಅದನ್ನು ಹೇಳಿಕೊಂಡರು: "ನನಗೆ ಚಿತ್ರ ಬಿಡಿಸಲು ಬರುವುದಿಲ್ಲ." ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳ ಬಗ್ಗೆ ಕೇಳಿ. ಕೆಲವು ಪದಗಳನ್ನು ಕೊಟ್ಟು, ಕೆಲವನ್ನು ಬರೆಯಿರಿ, ಕೆಲವನ್ನು ಚಿತ್ರವಾಗಿ ಬಿಡಿಸಿ ಎಂದರು. ಬಿಡಿಸಿದ ಪದಗಳು ಬರೆದ ಪದಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದವು. ಬಿಡಿಸಲು ಕೇವಲ ನಾಲ್ಕು ಸೆಕೆಂಡು ಕೊಟ್ಟಾಗಲೂ ಹಾಗೆಯೇ ಆಯಿತು. ಚಿತ್ರ ಚೆನ್ನಾಗಿದೆಯೇ ಇಲ್ಲವೇ ಎಂಬುದಕ್ಕೂ ನೆನಪಿಗೂ ಸಂಬಂಧ ಕಾಣಲಿಲ್ಲ. ಕಣ್ಣು, ಕೈ, ಅರ್ಥ ಮೂರೂ ಒಟ್ಟಿಗೆ ದುಡಿಯುವುದೇ ಇದಕ್ಕೆ ಕಾರಣವೆಂದು ಅವರ ವಿವರಣೆ. ಸೊಟ್ಟಗಿನ ಚಿತ್ರವೂ ಆ ದಿನವನ್ನು ಹಿಡಿದಿಡುತ್ತದೆ. ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ಮತ್ತು ಅಧ್ಯಾಪಕಿ ಲಿಂಡಾ ಬ್ಯಾರಿ ತಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ದಿನಚರಿಯ ಪುಟ ತುಂಬ ಸರಳ. ಇಂದು ಮಾಡಿದ್ದು, ಇಂದು ಕಂಡದ್ದು, ಕಿವಿಗೆ ಬಿದ್ದ ಒಂದು ಮಾತು, ಒಂದು ಪುಟ್ಟ ಚಿತ್ರ, ಇಷ್ಟಕ್ಕೆ ಪುಟವನ್ನು ಭಾಗ ಮಾಡಿಕೊಳ್ಳುವುದು. ಚಿತ್ರಕಲೆಯ ತರಗತಿಗೆ ಎಂದೂ ಹೋಗದವರು ಇದನ್ನು ಮಾಡಿ ನೋಡಿ. ಕೆಲವು ವಾರಗಳಲ್ಲಿ ನಿಮ್ಮ ಕಿವಿ ಚುರುಕಾಗುತ್ತದೆ, ದಾರಿಯಲ್ಲಿ ಹೋಗುವಾಗ ಸಂಜೆಯ ಪುಟಕ್ಕೆ ಏನು ಸಿಗಬಹುದು ಎಂದು ಕಣ್ಣು ಹುಡುಕತೊಡಗುತ್ತದೆ.

ಈಗ ಒಡನಾಡಿಯ ವಿಷಯಕ್ಕೆ ಬರುತ್ತೇನೆ. 1893ರ ಸೆಪ್ಟೆಂಬರ್ 4ರಂದು ಮುಂದೆ ಮಕ್ಕಳ ಕಥೆಗಾರ್ತಿಯಾಗಿ ಹೆಸರಾದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಸ್ಕಾಟ್ಲೆಂಡಿನಿಂದ ಒಂದು ಪತ್ರ ಬರೆದರು. ಅವರಿಗೆ ಹಿಂದೆ ಪಾಠ ಹೇಳಿಕೊಟ್ಟಿದ್ದ ಅಧ್ಯಾಪಕಿಯ ಐದು ವರ್ಷದ ಮಗ ಕಾಯಿಲೆಯಿಂದ ಮಲಗಿದ್ದ. ಏನು ಬರೆಯಬೇಕೆಂದು ತೋಚುತ್ತಿಲ್ಲ, ಹಾಗಾಗಿ ನಾಲ್ಕು ಮೊಲದ ಮರಿಗಳ ಕಥೆ ಹೇಳುತ್ತೇನೆ ಎಂಬ ಭಾವದ ಮಾತಿನಿಂದ ಪತ್ರ ಆರಂಭವಾಗುತ್ತದೆ. ಆಮೇಲೆ ಗೆರೆಚಿತ್ರ, ನಾಲ್ಕು ಸಾಲು, ಮತ್ತೆ ಗೆರೆಚಿತ್ರ. ಮಗು ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿತ್ತು. ಎಷ್ಟೋ ವರ್ಷದ ಮೇಲೆ ಪಾಟರ್ ಅದನ್ನು ಮರಳಿ ಎರವಲು ಪಡೆದು, ಬೆಳೆಸಿ, 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚುಹಾಕಿಸಿದರು. ಮರುವರ್ಷ ಪ್ರಕಾಶಕರ ಮೂಲಕ ಅದು ಪೀಟರ್ ರ‍್ಯಾಬಿಟ್ ಎಂಬ ಮೊಲದ ಕಥೆಯಾಗಿ ಜಗತ್ತಿಗೆ ಹೋಯಿತು.

"ಏನು ಬರೆಯಬೇಕೆಂದು ತೋಚುತ್ತಿಲ್ಲ" ಎನ್ನುವ ಸ್ಥಿತಿ ನಮಗೆಲ್ಲ ಚೆನ್ನಾಗಿ ಗೊತ್ತು. ಖಾಲಿ ಪುಸ್ತಕದ ಮುಂದೆ ಒಬ್ಬರೇ ಕುಳಿತಾಗ ಆ ಸ್ಥಿತಿ ಬಂದರೆ ಪುಸ್ತಕ ಮುಚ್ಚಿಡುತ್ತೇವೆ. ಕಾಯಿಲೆಯ ಮಗುವೊಂದು ಕಾಯುತ್ತಿದೆ ಎಂದಾಗ ಮುಚ್ಚಿಡಲು ಮನಸ್ಸು ಬರುವುದಿಲ್ಲ. ಯಾರಿಗಾಗಿ ಎಂಬುದು ಸ್ಪಷ್ಟವಾದ ಕೂಡಲೇ ಏನು ಎಂಬುದೂ ಹೇಗೆ ಎಂಬುದೂ ಅರ್ಧ ಇತ್ಯರ್ಥವಾಗುತ್ತವೆ. ಐದು ವರ್ಷದ ಮಗು ಎಂದ ಮೇಲೆ ವಾಕ್ಯ ಚಿಕ್ಕದಾಗಲೇಬೇಕು, ಚಿತ್ರ ಕಥೆಯನ್ನು ಮುಂದೆ ತಳ್ಳಲೇಬೇಕು. ಆ ಮಿತಿಯೇ ಆ ಕಥೆಯ ಸೊಗಸು.

ವಿನ್ಸೆಂಟ್ ವ್ಯಾನ್ ಗೋ ತಮ್ಮ ಸಹೋದರ ಥಿಯೊಗೆ ಬರೆದ ಪತ್ರಗಳಲ್ಲಿ ಉಳಿದಿರುವುದೇ 600ಕ್ಕೂ ಹೆಚ್ಚು. ಅವನ್ನು ನಾನು ಚಿತ್ರದಿನಚರಿ ಎಂದೇ ಎಣಿಸುತ್ತೇನೆ, ಬಿಡಿಹಾಳೆಗಳಲ್ಲಿ ಬರೆದು ಅಂಚೆಗೆ ಹಾಕಿದ ದಿನಚರಿ. 1888ರ ಅಕ್ಟೋಬರ್‌ನಲ್ಲಿ ತಮ್ಮ ಮಲಗುವ ಕೋಣೆಯ ಚಿತ್ರದ ಕೆಲಸದಲ್ಲಿದ್ದಾಗ, ಅದರ ಪುಟ್ಟ ರೇಖಾಚಿತ್ರವನ್ನು ಪತ್ರದೊಳಗೆ ಬಿಡಿಸಿ, ಗೋಡೆಗೆ ಯಾವ ಬಣ್ಣ, ಹೊದಿಕೆಗೆ ಯಾವ ಬಣ್ಣ, ಬಾಗಿಲಿಗೆ ಯಾವುದು ಎಂದು ಒಂದೊಂದಾಗಿ ಬರೆಯುತ್ತಾರೆ. ಥಿಯೊ ಅಲ್ಲಿರಲಿಲ್ಲ. ಹಾಗಾಗಿ ಬಣ್ಣವನ್ನು ಮಾತಿನಲ್ಲಿ ಹೇಳಬೇಕಾಯಿತು, ಮಾತಿನಲ್ಲಿ ಹೇಳಲು ಹೊರಟಾಗ ಯಾವ ಬಣ್ಣ ಏಕೆ ಎನ್ನುವುದು ಅವರಿಗೇ ಇನ್ನಷ್ಟು ತಿಳಿಯಾಗಿರಬೇಕು. ದೂರದಲ್ಲಿರುವ ಒಡನಾಡಿ ಹತ್ತಿರದವರಿಗಿಂತ ಹೆಚ್ಚು ಸ್ಪಷ್ಟವಾಗಿ ಮಾತನಾಡಲು ಕಲಿಸುತ್ತಾರೆ. ಚಿತ್ರದ ಪಕ್ಕದಲ್ಲಿ ಬಣ್ಣವನ್ನು ಪದಗಳಲ್ಲಿ ಬರೆದಿಡುವ ಅಭ್ಯಾಸ ಫ್ರೆಂಚ್ ಚಿತ್ರಕಾರ ದೆಲಾಕ್ರುವಾ ಅವರಿಗೂ ಇತ್ತು. 1832ರಲ್ಲಿ ಮೊರಾಕ್ಕೊಗೆ ಹೋದಾಗ ತುಂಬಿಸಿಕೊಂಡ ಪುಸ್ತಕಗಳ ಪುಟಗಳಲ್ಲಿ ಜಲವರ್ಣವೂ ಕೈಬರಹವೂ ಹೆಣೆದುಕೊಂಡಿವೆ. 1863ರಲ್ಲಿ ಸಾಯುವವರೆಗೂ ಅವರು ಆ ಪ್ರವಾಸದ ವಸ್ತುಗಳನ್ನು ಚಿತ್ರಿಸುತ್ತಲೇ ಇದ್ದರು.

ಮನೆಯೊಳಗಿನ ಒಡನಾಟಕ್ಕೆ ಕೀಟಗಳನ್ನು ಅಧ್ಯಯನ ಮಾಡಿದ ಜರ್ಮನ್ ಚಿತ್ರಕಾರ್ತಿ ಮರಿಯಾ ಸಿಬಿಲ್ಲಾ ಮೆರಿಯನ್ ಒಳ್ಳೆಯ ಉದಾಹರಣೆ. ರೇಷ್ಮೆಹುಳುಗಳನ್ನು ಗಮನಿಸಲು ಶುರುಮಾಡಿದಾಗ ಅವರಿಗೆ 13 ವರ್ಷ. ಹುಳು ಕೋಶವಾಗಿ, ಚಿಟ್ಟೆಯಾಗುವ ಒಂದೊಂದು ಹಂತವನ್ನೂ ಪುಟ್ಟ ಚಿತ್ರಗಳಲ್ಲಿ ಬಿಡಿಸಿ, ಪಕ್ಕದಲ್ಲಿ ಟಿಪ್ಪಣಿ ಬರೆದ ಅವರ ಅಧ್ಯಯನ ಪುಸ್ತಕ ಇಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. 1699ರಲ್ಲಿ, ಐವತ್ತು ದಾಟಿದ ಮೇಲೆ, ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದರು. ಆ ಕಾಲದಲ್ಲಿ ಇಬ್ಬರು ಹೆಂಗಸರು ಹುಳುಗಳನ್ನು ನೋಡಲೆಂದು ಸಾಗರ ದಾಟಿದ್ದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ. ಹೆಣ್ಣುಮಕ್ಕಳಿಬ್ಬರೂ ಚಿತ್ರಕಾರ್ತಿಯರಾಗಿಯೇ ಬೆಳೆದರು.

ಇಷ್ಟು ಹೊತ್ತು ಹೇಳಿದ್ದೆಲ್ಲ ಒಬ್ಬರು ಬಿಡಿಸಿದ್ದು, ಇನ್ನೊಬ್ಬರು ನೋಡಿದ್ದು. ಒಂದೇ ಪುಸ್ತಕದಲ್ಲಿ ಹಲವರ ಕೈ ಬೀಳುವ ಸಂಪ್ರದಾಯವೂ ಹಳೆಯದೇ. 16ನೆಯ ಶತಮಾನದಲ್ಲಿ ಜರ್ಮನಿಯ ವಿದ್ಯಾರ್ಥಿಗಳು ಗೆಳೆಯರ ಪುಸ್ತಕ ಎಂಬ ಒಂದು ಪುಸ್ತಕವನ್ನು ಇಟ್ಟುಕೊಳ್ಳುವ ರೂಢಿ ಬೆಳೆಸಿದರು. ಊರಿಂದೂರಿಗೆ ಓದಲು ಹೋಗುವಾಗ ಗುರುಗಳ, ಗೆಳೆಯರ ಕೈಯಲ್ಲಿ ಒಂದು ಸಾಲು, ಒಂದು ಸಹಿ, ಸಾಧ್ಯವಾದರೆ ಒಂದು ಚಿತ್ರ ಹಾಕಿಸಿಕೊಳ್ಳುತ್ತಿದ್ದರು. ಆಗ್ಸ್‌ಬರ್ಗ್ ನಗರದ ಕಲಾವ್ಯಾಪಾರಿ ಫಿಲಿಪ್ ಹೈನ್‌ಹೋಫರ್ ಇಂಥದೊಂದು ಪುಸ್ತಕವನ್ನು ಸುಮಾರು ಐವತ್ತು ವರ್ಷ ಬೆಳೆಸಿದರು. ರಾಜರು, ಡ್ಯೂಕರು ಅದರಲ್ಲಿ ಸಹಿ ಹಾಕಿದ್ದಾರೆ. 227 ಪುಟಗಳ ಅದರಲ್ಲಿ ನೂರರಷ್ಟು ಚಿತ್ರಗಳಿವೆ. ಹೈನ್‌ಹೋಫರ್ 1647ರಲ್ಲಿ ತೀರಿಕೊಂಡ ಮರುವರ್ಷ, ಪುಸ್ತಕಪ್ರಿಯರಾದ ಡ್ಯೂಕ್ ಆಗಸ್ಟ್ ಅದನ್ನು ತಮ್ಮ ಗ್ರಂಥಾಲಯಕ್ಕೆ ಕೊಳ್ಳಲು ಯತ್ನಿಸಿ ವಿಫಲರಾದರು. ವುಲ್ಫೆನ್‌ಬ್ಯುಟಲ್‌ನಲ್ಲಿರುವ, ಅವರದೇ ಹೆಸರಿನ ಗ್ರಂಥಾಲಯ 2020ರಲ್ಲಿ 28 ಲಕ್ಷ ಯೂರೋ ಕೊಟ್ಟು ಅದನ್ನು ಕೊಂಡುಕೊಂಡಿತು. ಎಷ್ಟೋ ಜನರ ಗೆಳೆತನವನ್ನು ಕೂಡಿಟ್ಟ ಪುಸ್ತಕವೊಂದಕ್ಕೆ ಮುನ್ನೂರ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಒಂದು ಗ್ರಂಥಾಲಯದಲ್ಲಿ ಜಾಗ ಕಾದಿತ್ತು.

ಪ್ಯಾರಿಸ್ಸಿನಲ್ಲಿ 1925ರ ಹೊತ್ತಿಗೆ ಆಂದ್ರೆ ಬ್ರೆತೋ ಮತ್ತು ಅವರ ಅತಿವಾಸ್ತವವಾದಿ (ಕನಸು, ಸುಪ್ತಮನಸ್ಸುಗಳಿಂದ ಕಲೆ ಹುಟ್ಟಬೇಕೆಂದವರು) ಗೆಳೆಯರು ಆಡುತ್ತಿದ್ದ ಮಡಚುಹಾಳೆಯ ಆಟ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮೊದಲನೆಯವರು ತಲೆ ಬಿಡಿಸಿ, ಕುತ್ತಿಗೆಯ ಎರಡು ಗೆರೆಗಳು ಮಾತ್ರ ಕಾಣುವಂತೆ ಹಾಳೆ ಮಡಚಿ ಕೊಡುತ್ತಾರೆ. ಎರಡನೆಯವರು ಮೇಲೆ ಏನಿದೆ ಎಂದು ತಿಳಿಯದೆಯೇ ದೇಹ ಸೇರಿಸುತ್ತಾರೆ. ಮೂರನೆಯವರು ಕಾಲು. ಬಿಚ್ಚಿದಾಗ ಯಾರೊಬ್ಬರ ತಲೆಯಲ್ಲೂ ಇಲ್ಲದಿದ್ದ ಪ್ರಾಣಿ ಹಾಳೆಯ ಮೇಲಿರುತ್ತದೆ. ನಮ್ಮ ಕಾಲಕ್ಕೆ ಬಂದರೆ, 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆರಂಭವಾದ ಯೋಜನೆಯೊಂದು ಸಾವಿರ ಖಾಲಿ ಪುಸ್ತಕಗಳನ್ನು ಜಗತ್ತಿನೊಳಕ್ಕೆ ಬಿಟ್ಟಿತು. ಕೈಗೆ ಸಿಕ್ಕವರು ಒಂದು ಪುಟ ತುಂಬಿ ಮುಂದಿನವರಿಗೆ ದಾಟಿಸಬೇಕು. ಮರಳಿ ಬಂದವು ಕೆಲವೇ. ನನಗೆ ಅದು ಸೋಲೆಂದು ಅನ್ನಿಸುವುದಿಲ್ಲ. ಮರಳಿ ಬಾರದ ಪುಸ್ತಕ ಯಾರದೋ ಕಪಾಟಿನಲ್ಲಿ, ಅಪರಿಚಿತರ ಪುಟಗಳ ಜೊತೆ ಇದ್ದೇ ಇರುತ್ತದೆ. 2006ರಲ್ಲಿ ಅಟ್ಲಾಂಟಾದಲ್ಲಿ ಶುರುವಾಗಿ ಆಮೇಲೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ಗೆ ಬಂದ ಸ್ಕೆಚ್‌ಬುಕ್ ಪ್ರಾಜೆಕ್ಟ್ ಇನ್ನೊಂದು ಬಗೆಯದು. ಯಾರು ಬೇಕಾದರೂ ಪುಸ್ತಕ ತುಂಬಿ ಕಳಿಸಬಹುದಿತ್ತು, ಯಾರು ಬೇಕಾದರೂ ಹೋಗಿ ಕೈಯಲ್ಲಿ ಹಿಡಿದು ಓದಬಹುದಿತ್ತು. ನಿಮ್ಮ ಪುಸ್ತಕವನ್ನು ಯಾರಾದರೂ ತೆರೆದರೆ ನಿಮಗೆ ಸಂದೇಶ ಬರುತ್ತಿತ್ತು. ಹತ್ತಾರು ಸಾವಿರ ಪುಸ್ತಕಗಳು ಸೇರಿದ್ದವು. 2022ರಲ್ಲಿ ಸಾಗಣೆಯ ವೇಳೆ ಬೆಂಕಿ ತಗಲಿ ಸಾವಿರಾರು ಪುಸ್ತಕಗಳು ನಾಶವಾದವು, ಮರುವರ್ಷ ಯೋಜನೆಯೇ ನಿಂತುಹೋಯಿತು. ಅವುಗಳಲ್ಲಿ ಎಷ್ಟೋ ಪುಸ್ತಕಗಳಿಗೆ ಬೇರೆ ಪ್ರತಿ ಇರಲಿಲ್ಲ. ಈ ಸುದ್ದಿ ಓದಿದಾಗ ನನಗಾದ ನೋವು ಇನ್ನೂ ಆರಿಲ್ಲ. ನಿಮ್ಮ ಪುಟಗಳ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ನಾನು ಎಲ್ಲರನ್ನೂ ಬೇಡಿಕೊಳ್ಳುವುದು ಇದೇ ಕಾರಣಕ್ಕೆ.

ನೇರವಾಗಿ ಒಟ್ಟಿಗೆ ಕುಳಿತು ಬಿಡಿಸುವ ಬಳಗಗಳೂ ಇವೆ. ಸಿಯಾಟಲ್‌ನ ಪತ್ರಕರ್ತ ಮತ್ತು ಚಿತ್ರಕಾರ ಗೇಬ್ರಿಯಲ್ ಕಾಂಪನಾರಿಯೊ 2007ರಲ್ಲಿ ಹುಟ್ಟುಹಾಕಿದ ಅರ್ಬನ್ ಸ್ಕೆಚರ್ಸ್ ಇಂದು ಜಗತ್ತಿನ ನೂರಾರು ನಗರಗಳಲ್ಲಿದೆ. ಕಣ್ಣೆದುರು ಇರುವುದನ್ನು ಅಲ್ಲೇ ನಿಂತು ಬಿಡಿಸಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು, ಒಬ್ಬರಿಗೊಬ್ಬರು ಆಸರೆಯಾಗಿ ಕೂಡಿ ಬಿಡಿಸಬೇಕು ಎಂಬುವು ಅವರ ನಿಯಮಗಳಲ್ಲಿ ಕೆಲವು. ಕೊನೆಯಲ್ಲಿ ಎಲ್ಲರೂ ಪುಸ್ತಕಗಳನ್ನು ತೆರೆದು ನೆಲದ ಮೇಲೆ ಒತ್ತೊತ್ತಾಗಿ ಇಡುತ್ತಾರೆ. ಒಂದೇ ಕಟ್ಟಡವನ್ನು ಇಪ್ಪತ್ತು ಜನ ಇಪ್ಪತ್ತು ಬಗೆಯಲ್ಲಿ ನೋಡಿದ್ದು ಒಟ್ಟಿಗೆ ಕಾಣುವ ಆ ಕ್ಷಣದಲ್ಲಿ ಕಲಿಯುವಷ್ಟು ಯಾವ ಪಾಠಪುಸ್ತಕದಲ್ಲೂ ಕಲಿಯಲಾಗದು. ಒಬ್ಬರು ಬರೀ ಕಿಟಕಿಗಳನ್ನು ಬಿಡಿಸಿರುತ್ತಾರೆ. ಇನ್ನೊಬ್ಬರು ಕಟ್ಟಡವನ್ನು ಬಿಟ್ಟು ಅದರ ನೆರಳನ್ನು ಹಿಡಿದಿರುತ್ತಾರೆ.

ಬೇರೆಯವರ ಪುಟ ನೋಡಿ ಬಿಡಿಸಿದರೆ ನಕಲಾಗುವುದಿಲ್ಲವೇ ಎಂಬ ಪ್ರಶ್ನೆ ಚೀಟಿಯಲ್ಲಿ ಬಂದಿದೆ. ನಕಲು ಕಲಿಕೆಯ ಹಳೆಯ ದಾರಿ. ಜಪಾನಿನ ಚಿತ್ರಕಾರ ಹೊಕುಸಾಯ್ 1814ರಿಂದ ಪ್ರಕಟಿಸಿದ ರೇಖಾಚಿತ್ರ ಸಂಪುಟಗಳು ವಿದ್ಯಾರ್ಥಿಗಳು ನೋಡಿ ಅಭ್ಯಾಸ ಮಾಡಲೆಂದೇ ಇದ್ದವು. ನಾನು ಕೊಡುವ ಸಲಹೆ ಇಷ್ಟು: ಚಿತ್ರದ ವಸ್ತುವನ್ನು ಬಿಟ್ಟು ಅದರ ಹಿಂದಿನ ತೀರ್ಮಾನವನ್ನು ಎತ್ತಿಕೊಳ್ಳಿ. ಪುಟದ ಮುಕ್ಕಾಲು ಭಾಗವನ್ನು ಖಾಲಿ ಬಿಡುವ ಧೈರ್ಯ, ದಿನಾಂಕವನ್ನೇ ದೊಡ್ಡ ಅಕ್ಷರದಲ್ಲಿ ಚಿತ್ರವಾಗಿಸುವ ಬಗೆ, ಎರಡೇ ಬಣ್ಣಕ್ಕೆ ಕಟ್ಟುಬೀಳುವ ಶಿಸ್ತು, ಇವು ಎರವಲಿಗೆ ಸಿಗುವ ವಸ್ತುಗಳು. ನಿಮ್ಮ ದಿನ ಅವರ ದಿನವಲ್ಲವಾದ್ದರಿಂದ ಫಲ ತಾನಾಗಿಯೇ ಬೇರೆಯಾಗುತ್ತದೆ. ಯಾರಿಂದ ಪಡೆದಿರೋ ಅವರ ಹೆಸರನ್ನು ಪುಟದ ಕೆಳಗೆ ಬರೆಯಿರಿ. ಆ ಒಂದು ಸಾಲು ಋಣವನ್ನು ಗೆಳೆತನವಾಗಿ ಮಾರ್ಪಡಿಸುತ್ತದೆ.

ಇನ್ನು ನಿಮ್ಮ ಒಡನಾಡಿಯನ್ನು ಆರಿಸಿಕೊಳ್ಳುವ ಮಾತು. ಒಬ್ಬರು ಸಾಕು. ಅವರು ನಿಮಗಿಂತ ಚೆನ್ನಾಗಿ ಬಿಡಿಸಬೇಕಾಗಿಲ್ಲ, ನಿಮ್ಮಂತೆ ಬಿಡಿಸಬೇಕಾಗಿಯೂ ಇಲ್ಲ. ಮುಗಿಯದ ಪುಟವನ್ನು ನೋಡಿಯೂ ತಾಳ್ಮೆ ಕಳೆದುಕೊಳ್ಳದವರಾಗಿರಬೇಕು, ಅಷ್ಟೇ. ನನಗೆ ಅಂಥ ಗೆಳತಿಯೊಬ್ಬರಿದ್ದಾರೆ. ನಾವು ಎರಡು ಪುಸ್ತಕ ಇಟ್ಟುಕೊಂಡು ಅದಲುಬದಲು ಮಾಡುತ್ತೇವೆ. ನಾನು ಎಡಪುಟ ತುಂಬಿ ಕಳಿಸಿದರೆ ಅವರು ಬಲಪುಟದಲ್ಲಿ ಉತ್ತರಿಸುತ್ತಾರೆ. ಉತ್ತರ ಬಣ್ಣದಲ್ಲಿರಬಹುದು, ಆಕಾರದಲ್ಲಿರಬಹುದು, ಒಂದೇ ಪದವಾಗಿರಬಹುದು. "ಚೆನ್ನಾಗಿದೆ" ಎಂದು ಬರೆಯುವುದನ್ನು ನಾವಿಬ್ಬರೂ ಬಿಟ್ಟಿದ್ದೇವೆ. ಅದರಿಂದ ಮುಂದಿನ ಪುಟಕ್ಕೆ ದಾರಿ ತೆರೆಯುವುದಿಲ್ಲ. "ಈ ಮೂಲೆಯಲ್ಲಿ ಏಕೆ ನಿಲ್ಲಿಸಿದಿರಿ?" ಎಂಬ ಪ್ರಶ್ನೆಯಾದರೆ ತೆರೆಯುತ್ತದೆ. ಇನ್ನೊಬ್ಬರ ಗೆರೆಯ ಮೇಲೆ ಗೆರೆ ಎಳೆಯಬಹುದೇ ಎಂಬುದನ್ನು ಮೊದಲೇ ಮಾತನಾಡಿಕೊಳ್ಳಿ. ಕೆಲವರಿಗೆ ಅದು ಖುಷಿ, ಕೆಲವರಿಗೆ ಗಾಯ. ಯಾರಿಗೂ ತೋರಿಸಲಾಗದ ಪುಟಗಳಿದ್ದರೆ ಅವಕ್ಕೆ ಬೇರೆ ಪುಸ್ತಕವಿರಲಿ, ಅಥವಾ ಎರಡು ಹಾಳೆಗಳ ಅಂಚು ಅಂಟಿಸಿ ಒಳಗೆ ಮುಚ್ಚಿಡಿ.

ಸಾಮಗ್ರಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪೆನ್ಸಿಲ್, ಶಾಯಿಗೆ ತೆಳು ಹಾಳೆ ಸಾಕು. ಜಲವರ್ಣಕ್ಕೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಹಾಳೆ ಉತ್ತಮ, ಎಲ್ಲವನ್ನೂ ಬೆರೆಸುವವರಿಗೆ 200ರ ಆಸುಪಾಸಿನದು ಸಾಲುತ್ತದೆ. ಅಕ್ರಿಲಿಕ್ ಬಳಿದ ಪುಟಗಳು ಒಣಗಿದ ಮೇಲೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನಡುವೆ ಮೇಣದ ಕಾಗದ ಇಡಿ. ಪತ್ರಿಕೆಯ ತುಣುಕು ಅಂಟಿಸಿದರೆ ಅದರಲ್ಲಿರುವ, ಮರದಿಂದ ಬಂದ ಅಂಶವಾದ ಲಿಗ್ನಿನ್‌ನಿಂದಾಗಿ ಹಳದಿಯಾಗಿ ಪುಡಿಯಾಗುತ್ತದೆ, ಉಳಿಯಬೇಕೆಂದಿದ್ದರೆ ಆಮ್ಲರಹಿತ ಕಾಗದದ ಮೇಲೆ ಅದರ ಪ್ರತಿ ತೆಗೆದು ಅಂಟಿಸಿ. ಅಂಚೆಯಲ್ಲಿ ಓಡಾಡುವ ಪುಸ್ತಕವಾದರೆ ನೀರಿಗೆ ಕರಗದ ಶಾಯಿಯನ್ನೇ ಬಳಸಿ. ದುಬಾರಿ ಪುಸ್ತಕ ಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ, ಅದರ ಮೊದಲ ಪುಟ ವರ್ಷಗಟ್ಟಲೆ ಖಾಲಿ ಉಳಿಯುತ್ತದೆ.

ಮೊಬೈಲ್ ಪರದೆಯಲ್ಲಿ ಪುಟಗಳನ್ನು ಹಂಚಿಕೊಳ್ಳುವುದು ತಪ್ಪೆಂದು ನಾನು ಹೇಳಲಾರೆ. ದೂರದೂರದ ಎಷ್ಟೋ ಜನ ಅದರಿಂದಲೇ ಪರಿಚಯವಾಗಿದ್ದಾರೆ. ಆದರೆ ಸಾವಿರ ಕಣ್ಣುಗಳಿಗಾಗಿ ಬಿಡಿಸಲು ಶುರುಮಾಡಿದ ದಿನದಿಂದ ಪುಟ ನುಣುಪಾಗುತ್ತದೆ, ಹೊಡೆದುಹಾಕಿದ ಗೀಟುಗಳು ಮಾಯವಾಗುತ್ತವೆ. ಒಕಾಂಪೊ ಕಂಡದ್ದು ಆ ಗೀಟುಗಳನ್ನು. ಎಡಿತ್ ಹೋಲ್ಡನ್ ಎಂಬ ಇಂಗ್ಲಿಷ್ ಚಿತ್ರಕಾರ್ತಿ 1906ರಲ್ಲಿ ಹೂ, ಹಕ್ಕಿ, ಹುಳುಗಳ ಚಿತ್ರ ಬಿಡಿಸಿ, ದಿನಾಂಕ ಹಾಕಿ ಟಿಪ್ಪಣಿ ಬರೆದ ಪುಸ್ತಕ ತಮ್ಮ ವಿದ್ಯಾರ್ಥಿನಿಯರಿಗೆ ಮಾದರಿಯಾಗಿ ತೋರಿಸಲು ಇತ್ತು. ಅವರು 1920ರಲ್ಲಿ ತೀರಿಕೊಂಡರು. 1977ರಲ್ಲಿ ಅಚ್ಚಾದ ಮೇಲೆ ಲಕ್ಷಾಂತರ ಜನ ಅದನ್ನು ಕೊಂಡರು. ಆ ಪುಟಗಳ ನೇರ, ಪ್ರೀತಿಯ ದನಿ ಒಂದು ತರಗತಿಯ ಹುಡುಗಿಯರನ್ನು ಎದುರಿಗಿಟ್ಟುಕೊಂಡು ಮೂಡಿದ್ದು ಎಂದು ನನ್ನ ನಂಬಿಕೆ.

ಮೊದಲ ಸಾಲಿನಿಂದ ಹಾಳೆಗಳು ಹಿಂದಕ್ಕೆ ಬರುತ್ತಿವೆ. ಒಂದೊಂದು ತೆಗೆದುಕೊಳ್ಳಿ, ಪೆನ್ಸಿಲ್‌ಗಳೂ ಇವೆ. ನಡುವೆ ಮಡಚಿ ಪುಸ್ತಕದಂತೆ ಮಾಡಿಕೊಳ್ಳಿ. ಎಡಬದಿಯಲ್ಲಿ ಇಂದು ಬೆಳಗಿನಿಂದ ನೀವು ಕಂಡ ಯಾವುದಾದರೂ ಒಂದು ವಸ್ತುವನ್ನು ಬಿಡಿಸಿ, ಎರಡು ನಿಮಿಷ ಸಾಕು. ಬಲಬದಿಯನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಕುಳಿತಿರುವವರಿಗೆ ಕೊಡಿ. ಅವರು ಗುರುತಿನವರಾದರೆ ಇನ್ನೊಂದು ಕುರ್ಚಿ ದಾಟಿಸಿ, ಪರಿಚಯವಿಲ್ಲದವರಿಗೇ ಕೊಡಿ. ಹಾಳೆ ಯಾರಿಂದ ಬಂತೆಂದು ಗೊತ್ತಾಗಲು ಕೆಳಗೆ ಹೆಸರು ಮತ್ತು ದಿನಾಂಕ ಬರೆದಿರಲಿ.